ಮುಖ ಉಜ್ಜುವ ಮೊದಲು ನಿಮ್ಮ ಚರ್ಮ ಯಾವುದೆಂದು ನೋಡಿ

ನಮ್ಮ ಕರಾವಳಿಯಲ್ಲಿ ಮುಖ ಉಜ್ಜುವುದು ಸ್ವಲ್ಪ ಜಾಸ್ತಿಯೇ. ಅದಕ್ಕೆ ಕಾರಣ ಸೆಕೆ. ಮಾರ್ಚ್ ಬಂತೆಂದರೆ ಮಂಗಳೂರಿನ ಹಂಪನಕಟ್ಟೆಯಲ್ಲಿ ನಾಲ್ಕು ಹೆಜ್ಜೆ ನಡೆದರೂ ಮುಖವೆಲ್ಲ ಅಂಟು ಅಂಟು. ಮನೆಗೆ ಬಂದ ಕೂಡಲೇ ಸೋಪು, ಆಮೇಲೆ ಸ್ಕ್ರಬ್, ಕೊನೆಗೆ ಟರ್ಕಿ ಟವೆಲಿನಿಂದ ಗಸಗಸ. ಬೆವರು ಬರೀ ನೀರಿಗೇ ಹೋಗುತ್ತದೆ, ಅದಕ್ಕೆ ಉಜ್ಜುವುದು ಬೇಕಾಗಿಲ್ಲ. ಆಗಾಗ ತೆಗೆಯಬೇಕಾದದ್ದು ಚರ್ಮದ ಮೇಲೆ ಕೂತ ಸತ್ತ ಪದರ. ಅದನ್ನೂ ದಿನಾ ತೆಗೆಯುವಂತಿಲ್ಲ.

ಚರ್ಮ ತಾನಾಗಿಯೇ ಪದರ ಕಳಚುತ್ತದೆ. ಪ್ರಾಯದವರಲ್ಲಿ ಅಡಿಯ ಹೊಸ ಚರ್ಮ ಮೇಲೆ ಬಂದು ಉದುರಲು ಹೆಚ್ಚುಕಡಿಮೆ 4 ವಾರ ಬೇಕು. ವಯಸ್ಸಾದ ಹಾಗೆ ಇದು ನಿಧಾನವಾಗುತ್ತದೆ. ಉದುರಬೇಕಾದದ್ದು ಅಲ್ಲೇ ಉಳಿದಾಗ ಮುಖ ಮಂಕಾಗಿ ಕಾಣುತ್ತದೆ, ಮುಟ್ಟಿದರೆ ಒರಟು ಅನಿಸುತ್ತದೆ. ಅದಕ್ಕೆ ಸ್ವಲ್ಪ ಸಹಾಯ ಮಾಡುವುದಷ್ಟೇ ನಮ್ಮ ಕೆಲಸ.

ಮೊದಲು ಚರ್ಮದ ಗುಣ ತಿಳಿಯಬೇಕು. ಇಲ್ಲೇ ನಮ್ಮ ಊರಿನವರು ಎಡವುವುದು. ಮೇ ತಿಂಗಳ ಮಧ್ಯಾಹ್ನ ಕನ್ನಡಿ ನೋಡಿದರೆ ಎಲ್ಲರ ಮುಖವೂ ಎಣ್ಣೆ ಮುಖವೇ, ಅಲ್ವಾ? ಅದನ್ನು ನಂಬಬೇಡಿ. ರಾತ್ರಿ ಊಟ ಆದ ಮೇಲೆ ಮುಖ ತೊಳೆದು, ಏನೂ ಹಚ್ಚದೆ ಫ್ಯಾನಿನ ಕೆಳಗೆ ಒಂದು ಗಂಟೆ ಕೂತುಕೊಳ್ಳಿ. ಆಮೇಲೆ ತೆಳು ಕಾಗದವನ್ನು ಹಣೆ, ಮೂಗು, ಕೆನ್ನೆಗೆ ಒತ್ತಿ ನೋಡಿ. ಎಲ್ಲ ಕಡೆ ಜಿಡ್ಡು ಹತ್ತಿದರೆ ಎಣ್ಣೆ ಚರ್ಮ. ಹಣೆ ಮೂಗಿಗೆ ಮಾತ್ರ ಹತ್ತಿದರೆ ಮಿಶ್ರ ಚರ್ಮ. ಎಲ್ಲೂ ಹತ್ತದೆ, ನಗುವಾಗ ಕೆನ್ನೆ ಎಳೆದ ಹಾಗಾದರೆ ಒಣ ಚರ್ಮ. ಹೊಸ ಸೋಪು, ಕ್ರೀಮು ಏನು ತಾಗಿದರೂ ಉರಿಯುವವರದ್ದು ಸೂಕ್ಷ್ಮ ಚರ್ಮ. ಅದಕ್ಕೆ ಕಾಗದದ ಪರೀಕ್ಷೆ ಬೇಡ, ಅವರಿಗೇ ಗೊತ್ತಿರುತ್ತದೆ.

ಎಣ್ಣೆ ಚರ್ಮದವರು ವಾರಕ್ಕೆ ಎರಡು ಸಲ ಮಾಡಬಹುದು. ಹೆಸರುಕಾಳನ್ನು ನುಣ್ಣಗೆ ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಇಟ್ಟುಕೊಳ್ಳಿ. ಬಟ್ಟೆಯಲ್ಲಿ ಹಿಡಿಯುವುದನ್ನು ತಪ್ಪಿಸಬೇಡಿ. ಮಿಕ್ಸಿಯಲ್ಲಿ ಮಾಡಿದ ಪುಡಿಯಲ್ಲಿ ಕೈಗೆ ಗೊತ್ತಾಗದ ತರಿ ಉಳಿದಿರುತ್ತದೆ, ಅದು ಮುಖ ಗೀರುತ್ತದೆ. ಒಂದು ಚಮಚ ಹಿಟ್ಟಿಗೆ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಒದ್ದೆ ಮುಖಕ್ಕೆ ಹಚ್ಚಿ, ಬೆರಳ ತುದಿಯಲ್ಲಿ ಅರ್ಧ ನಿಮಿಷ ಸುತ್ತು ತಿರುಗಿಸಿ ತೊಳೆಯಿರಿ. ಒಣಗಲು ಬಿಟ್ಟು ಕಿತ್ತು ತೆಗೆಯಬೇಡಿ.

ಮೊಡವೆ ಇದ್ದರೆ ಈ ಹಿಟ್ಟೂ ಬೇಡ. ಮೊಡವೆಯ ಮೇಲೆ ಉಜ್ಜಿದರೆ ಕೆಂಪು, ಊತ ಹೆಚ್ಚುತ್ತದೆ. ನಮ್ಮಂಥ ಗೋಧಿ, ಕಪ್ಪು ಮೈಬಣ್ಣದವರಲ್ಲಿ ಅದು ಮಾಸಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಮದುವೆಗೆ ವಾರ ಇರುವಾಗ ವಾಲ್‌ನಟ್ ಸಿಪ್ಪೆಯ ಸ್ಕ್ರಬ್ಬಿನಿಂದ ಮೊಡವೆ ಉಜ್ಜಿದ ಹುಡುಗಿಯರನ್ನು ನೋಡಿದ್ದೇನೆ. ಪಾಪ, ಮದರಂಗಿಯ ದಿನ ಮುಖವಿಡೀ ಕೆಂಪು. ಇಂಥವರಿಗೆ ಸ್ಯಾಲಿಸಿಲಿಕ್ ಆಸಿಡ್ ಇರುವ ಫೇಸ್‌ವಾಶ್ ಒಳ್ಳೆಯದು. ಅದು ಎಣ್ಣೆಯಲ್ಲಿ ಕರಗುವಂಥದ್ದು, ಹಾಗಾಗಿ ರಂಧ್ರದ ಒಳಗಿನ ಜಿಡ್ಡನ್ನೂ ಸಡಿಲ ಮಾಡುತ್ತದೆ. ಡಬ್ಬಿಯ ಮೇಲೆ ಶೇಕಡಾ 2ಕ್ಕಿಂತ ಹೆಚ್ಚಿಲ್ಲದ್ದನ್ನು ತನ್ನಿ. ಬಸುರಿಯರು ಡಾಕ್ಟರನ್ನು ಕೇಳದೆ ಹಚ್ಚಬಾರದು. ಇನ್ನೊಂದು ಮಾತು, ತೆಂಗಿನೆಣ್ಣೆ ತಲೆಗೆ, ಮೈಗೆ ಧಾರಾಳ ಹಚ್ಚಿ, ಮೊಡವೆ ಮುಖಕ್ಕೆ ಮಾತ್ರ ಬೇಡ. ರಂಧ್ರ ಮುಚ್ಚುತ್ತದೆ.

ಒಣ ಚರ್ಮಕ್ಕೆ ವಾರಕ್ಕೊಮ್ಮೆ ಧಾರಾಳ ಸಾಕು. ಹಿಟ್ಟಿಗಿಂತ ಮೊಸರು ಹಿತ. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಸಿಡ್ ಸತ್ತ ಪದರವನ್ನು ಸಡಿಲ ಮಾಡುತ್ತದೆ. ಮನೆಯ ಮೊಸರಿನಲ್ಲಿ ಅದರ ಪ್ರಮಾಣ ಕಡಿಮೆ, ಒಂದೇ ಸಲಕ್ಕೆ ಹೊಳಪು ಬರುತ್ತದೆಂದು ಕಾಯಬೇಡಿ. ಹುಳಿ ಬರದ ಮೊಸರನ್ನು ಹತ್ತು ನಿಮಿಷ ಹಚ್ಚಿಟ್ಟು, ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಹಂಡೆಯ ಬಿಸಿನೀರು ಮೈಗೆ ಸುಖ, ಒಣ ಮುಖಕ್ಕೆ ಶತ್ರು. ಮುಖ ಇನ್ನೂ ಒದ್ದೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ತುಟಿ ಬಿರಿದಿದ್ದರೆ ಪುನರ್ಪುಳಿ (ಕೋಕಂ) ಬೀಜದ ತುಪ್ಪ ಹಚ್ಚಿ, ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಅರುವತ್ತು ದಾಟಿದವರು ಒಣ ಚರ್ಮದ ಕ್ರಮವನ್ನೇ ಹಿಡಿಯಿರಿ, ಇನ್ನೂ ಮೃದುವಾಗಿ.

ಮಿಶ್ರ ಚರ್ಮದವರಿಗೆ ಹೆಚ್ಚು ಹೇಳುವುದಿಲ್ಲ. ಹೆಸರು ಹಿಟ್ಟು ಹಣೆ, ಮೂಗು, ಗದ್ದಕ್ಕೆ. ಕೆನ್ನೆಗೆ ಮೊಸರು. ಅಷ್ಟೇ.

ಸೂಕ್ಷ್ಮ ಚರ್ಮದವರು ಯಾವ ಪುಡಿಯನ್ನೂ ಮುಟ್ಟಬೇಡಿ. ತೊಳೆದು ತೊಳೆದು ಮೆತ್ತಗಾದ ಹಳೆಯ ಬೈರಾಸಿನ (ತೆಳು ಟವೆಲಿನ) ತುಂಡು ಒದ್ದೆ ಮಾಡಿ, ಒತ್ತದೆ ಮೆಲ್ಲ ಒರೆಸಿದರೆ ಸಾಕು. ಹತ್ತು ಹದಿನೈದು ದಿನಕ್ಕೊಮ್ಮೆ. ಹೊಸದು ಏನಾದರೂ ಹಚ್ಚುವುದಿದ್ದರೆ ಮೊದಲು ಮೊಣಕೈಯ ಒಳಬದಿಗೆ ಚೂರು ಹಚ್ಚಿ ಎರಡು ದಿನ ಕಾಯಿರಿ. ಈ ಕಾಯುವುದು ಎಲ್ಲ ಚರ್ಮದವರಿಗೂ ಒಳ್ಳೆಯದು.

ಗಂಡಸರಿಗೂ ಒಂದು ಮಾತು. ಬ್ಲೇಡು ಗಡ್ಡದ ಜೊತೆ ಸತ್ತ ಪದರವನ್ನೂ ತೆಗೆಯುತ್ತದೆ. ಶೇವಿಂಗ್ ಮಾಡಿದ ದಿನ ಮತ್ತೆ ಉಜ್ಜಬೇಡಿ. ಹೆಂಗಸರು ಥ್ರೆಡಿಂಗ್, ವ್ಯಾಕ್ಸಿಂಗ್ ಆದ ದಿನ ಮುಖವನ್ನು ಸುಮ್ನೆ ಬಿಡಿ.

ಲಿಂಬೆಹುಳಿ ಮತ್ತು ಸಕ್ಕರೆ ಸೇರಿಸಿ ಉಜ್ಜುವ ಮದ್ದು ಈಗ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿದೆ. ದಯವಿಟ್ಟು ಮಾಡಬೇಡಿ. ಸಕ್ಕರೆಯ ಅಂಚು ಹರಿತ. ಲಿಂಬೆಯ ಹುಳಿ ಮುಖದ ಚರ್ಮ ತಡೆಯುವುದಕ್ಕಿಂತ ಎಷ್ಟೋ ಜಾಸ್ತಿ, ಲಿಂಬೆರಸ ತಾಗಿದ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಗುಳ್ಳೆ ಏಳಬಹುದು, ಕಪ್ಪು ಕಲೆ ಉಳಿಯಬಹುದು. ಇಲ್ಲಿ ಕೆಲವರು ಬಿಂಬುಳಿ ಎಂಬ ಹುಳಿ ಕಾಯಿಯನ್ನೂ ಮುಖಕ್ಕೆ ಹಚ್ಚಬಹುದೇ ಎಂದು ಕೇಳುತ್ತಾರೆ. ಬಿಂಬುಳಿಯಿಂದ ಹಿತ್ತಾಳೆ ದೀಪ ಬೆಳಗುತ್ತೇವೆ, ಅದರ ಹುಳಿ ಎಂಥದ್ದೆಂದು ಅದರಲ್ಲೇ ತಿಳಿಯಬೇಕು. ಕೆನ್ನೆಯ ಮೇಲೆ ಬಂಗು ಇರುವವರಂತೂ ಇವನ್ನೆಲ್ಲ ದೂರ ಇಡಿ. ಬಂಗು ಚರ್ಮದ ಮೇಲೆ ಕೂತ ಕೊಳೆಯಲ್ಲ, ಉಜ್ಜಿದರೆ ಇನ್ನೂ ಗಾಢವಾಗುತ್ತದೆ.

ಏನೇ ಮಾಡುವುದಿದ್ದರೂ ರಾತ್ರಿ ಮಾಡಿ. ಸತ್ತ ಪದರ ಹೋದ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ. ಮರುದಿನ ಮಲ್ಪೆ ಕಡಲ ಬದಿಗೋ, ಜಾತ್ರೆಗೋ ಹೋಗುವುದಿದ್ದರೆ ಹಿಂದಿನ ರಾತ್ರಿ ಬಿಟ್ಟುಬಿಡಿ. ಉಳಿದ ದಿನ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಆದರೂ ಇರುವ ಸನ್‌ಸ್ಕ್ರೀನ್ ಹಚ್ಚಿ, ಮೋಡ ಇದ್ದರೂ.

ಬಿಳಿಯಾಗಲೆಂದು ಅಂಗಡಿಯಿಂದ ತಂದ ಸ್ಟೆರಾಯ್ಡ್ ಕ್ರೀಮು ಹಚ್ಚುವವರ ಬಗ್ಗೆ ನನಗೆ ನಿಜವಾಗಿ ಚಿಂತೆ. ಅದರಿಂದ ಚರ್ಮ ತೆಳುವಾಗುತ್ತದೆ. ಅಂಥ ಮುಖಕ್ಕೆ ಯಾವ ಉಜ್ಜುವಿಕೆಯೂ ಕೂಡದು, ಕ್ರೀಮನ್ನು ಹೇಗೆ ಬಿಡಬೇಕೆಂದು ಚರ್ಮದ ಡಾಕ್ಟರನ್ನೇ ಕೇಳಬೇಕು. ಮೊಡವೆಗೆ ಟ್ರೆಟಿನಾಯಿನ್‌ನಂಥ ಮುಲಾಮು ಹಚ್ಚುತ್ತಿರುವವರೂ ಕೇಳದೆ ಏನೂ ಸೇರಿಸಬೇಡಿ.

ಉಜ್ಜಿದ್ದು ಹೆಚ್ಚಾಗಿದೆ ಎಂದು ತಿಳಿಯುವುದು ಸುಲಭ. ನೀರು ತಾಗಿದರೂ ಚುರುಚುರು, ಯಾವತ್ತೂ ಇಲ್ಲದ ಬಿಗಿತ, ಮೇಣ ಹಚ್ಚಿದಂಥ ಹೊಳಪು. ಆಗ ಎಲ್ಲವನ್ನೂ ನಿಲ್ಲಿಸಿ. ಮೆದು ಫೇಸ್‌ವಾಶ್, ವಾಸನೆ ಇಲ್ಲದ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್, ಇಷ್ಟರಲ್ಲೇ ಮೂರು ನಾಲ್ಕು ವಾರ ಇರಿ. ಉರಿ ಇಳಿಯದಿದ್ದರೆ, ನೀರು ಒಸರಿದರೆ, ಮನೆಮದ್ದಿಗೆ ಕಾಯದೆ ಡಾಕ್ಟರಿಗೆ ತೋರಿಸಿ.