ಸೇವಂತಿಗೆಗೆ ನಡುರಾತ್ರಿ ಬೆಳಕು: ನನ್ನ ಅನುಭವ

ಹೊಸದಾಗಿ ಸೇವಂತಿಗೆ ಹಾಕುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ. ಹಗಲು ಎಷ್ಟು ಉದ್ದ ಎಂದು ನೋಡದೆ ತಾನಾಗಿ ಹೂ ಬಿಡುವ ತಳಿ ಹಾಕಿ, ತಲೆನೋವು ಇರಲ್ಲ ಅಂತ. ನನಗೂ ಅದನ್ನೇ ಹೇಳಿದರು. ನಾನು ಎರಡೂ ಬಗೆಯನ್ನು ಅಕ್ಕಪಕ್ಕದ ಮಡಿಗಳಲ್ಲಿ ಬೆಳೆದು ನೋಡಿದೆ. ಹೊಸಬರಿಗೆ ರಾತ್ರಿ ಉದ್ದವಾದಾಗ ಮಾತ್ರ ಹೂ ಬಿಡುವ ತಳಿಯೇ ಒಳ್ಳೆಯದು ಎನ್ನುವುದು ಈಗ ನನ್ನ ಗಟ್ಟಿ ಅಭಿಪ್ರಾಯ. ಗಿಡ ಬಲಿಯುವವರೆಗೆ ರಾತ್ರಿ ಬೆಳಕು ಕೊಟ್ಟು ಹೂ ತಡೆದಿಡಲು ಬಲ್ಬ್ ಕಟ್ಟುವ ಮನಸ್ಸಿರಬೇಕು, ಅಷ್ಟೇ.

ಯಾಕೆ ಅಂದರೆ, ತಾನಾಗಿ ಹೂ ಬಿಡುವ ಗಿಡ ನಮಗಾಗಿ ಕಾಯುವುದಿಲ್ಲ. ನಾಟಿಯಾದ ಸ್ವಲ್ಪ ದಿನಕ್ಕೆ ಎರಡೂ ಮಡಿಗೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳು ಬಿತ್ತು. ಮಳೆ ಹಿಡಿದು ಬೇರಿನ ಹತ್ತಿರ ನೀರೂ ನಿಂತಿತು. ಹೆಚ್ಚು ಕಡಿಮೆ ಮೂರು ವಾರ ಬೆಳವಣಿಗೆಯೇ ಇಲ್ಲ. ಆದರೂ ಆ ತಳಿ ತನ್ನ ಹೊತ್ತಿಗೆ ಸರಿಯಾಗಿ ಮೊಗ್ಗು ಹಿಡಿಯಿತು. ಗೇಣುದ್ದದ ಗಿಡ, ನಾಲ್ಕೈದು ಹೂ. ಕುಡಿ ಚಿವುಟಲೂ ಸಮಯ ಸಿಗಲಿಲ್ಲ. ಪಕ್ಕದ ಮಡಿಯಲ್ಲಿ ಬಲ್ಬ್ ಉರಿಯುತ್ತಿತ್ತು. ಆ ಗಿಡಗಳಿಗೂ ಅದೇ ಪೆಟ್ಟು ಬಿದ್ದಿತ್ತು, ಆದರೆ ಅವು ಚೇತರಿಸಿಕೊಂಡು, ಮೊಣಕಾಲೆತ್ತರ ಬಂದು, ಚಿವುಟಿದ ಕಡೆಯೆಲ್ಲ ಕವಲೊಡೆದ ಮೇಲೆಯೇ ಬೆಳಕು ನಿಲ್ಲಿಸಿದೆ. ಗಿಡಕ್ಕೆ ಏಳೆಂಟು ಪಟ್ಟು ಜಾಸ್ತಿ ಹೂ ಬಂತು.

ಬಲ್ಬಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ದುಡ್ಡು ಹೋಗುವುದೂ ಉಳಿಯುವುದೂ ಅಲ್ಲೇ. ಸಂಜೆಯಿಂದ ಬೆಳಗಿನವರೆಗೆ ಉರಿಸುವ ಅಗತ್ಯವೇ ಇಲ್ಲ. ರಾತ್ರಿ 10ರಿಂದ 2ರವರೆಗೆ ಸಾಕು. ಉದ್ದದ ಕತ್ತಲು ನಡುವೆ ತುಂಡಾದರೆ ಗಿಡಕ್ಕೆ ಅದು ಚಿಕ್ಕ ರಾತ್ರಿಯೇ. ಗಿಡದ ತುದಿಯ ಹತ್ತಿರ ಬೆಳಕಿನ ಅಳತೆ 100 ಲಕ್ಸ್ ಇದ್ದರೆ ನನಗೆ ಧೈರ್ಯ. ಮೊದಲ ಸಲ ಸಾಲಿನ ಮೂಲೆಗಳಿಗೆ ಬೆಳಕು ಸರಿಯಾಗಿ ಮುಟ್ಟಲಿಲ್ಲ. ಅಲ್ಲಿನ ಗಿಡಗಳು ಅವಧಿಗೆ ಮುಂಚೆಯೇ ಮೊಗ್ಗು ಹಿಡಿದವು. ಅಂಥ ಮೊಗ್ಗು ಸರಿಯಾಗಿ ಅರಳುವುದೂ ಇಲ್ಲ, ಕಾಂಡ ಮುಂದೆ ಬೆಳೆಯುವುದೂ ಇಲ್ಲ. ಬಲ್ಬುಗಳನ್ನು ಸಾಲಿನ ಕೊನೆಯಿಂದ ಒಂದು ಹೆಜ್ಜೆ ಹೊರಗೂ ಕಟ್ಟಿದ ಮೇಲೆ ಅದು ನಿಂತಿತು.

ಇನ್ನೊಂದು ದೊಡ್ಡ ನಷ್ಟ ಟೈಮರಿನಿಂದ. ತಿರುಗಿಸಿ ಇಡುವ ಅಗ್ಗದ ಟೈಮರ್ ಕರೆಂಟ್ ಹೋದಾಗ ಅಲ್ಲೇ ನಿಲ್ಲುತ್ತದೆ. ಒಂದು ವಾರ ಕರೆಂಟ್ ಹೋಗಿ ಬಂದು ಮಾಡಿ, 10ಕ್ಕೆ ಹತ್ತಬೇಕಾದ ಬಲ್ಬ್ ಬೆಳಗಿನ ಜಾವ ಹತ್ತುತ್ತಿತ್ತು. ಸಂಜೆಯಿಂದ ಅಲ್ಲಿಯವರೆಗೆ ಉದ್ದದ ಕತ್ತಲು, ಗಿಡಕ್ಕೆ ಅಷ್ಟೇ ಸಾಕಾಯಿತು. ಆ ಬೆಳೆಯ ಕಾಲು ಭಾಗ ಹೋಯಿತು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಬೆಲೆ ಅದರ ಮುಂದೆ ಏನೇನೂ ಅಲ್ಲ.

ಕರೆಂಟ್ ಬಿಲ್ಲಿಗೆ ಹೆದರಿ ಎಷ್ಟೋ ಜನ ಇದನ್ನು ಬಿಟ್ಟಿದ್ದಾರೆ. ನನಗೂ ಸುಮ್ನೆ ದುಡ್ಡು ಸುಡ್ತೀಯ ಅಂದಿದ್ದರು. ಹಳೇ ಬಿಸಿ ಬಲ್ಬಿನ ಕಾಲದಲ್ಲಿ ಆ ಮಾತು ನಿಜ. ಎಲ್‌ಇಡಿ ಹಾಕಿದರೆ ಖರ್ಚು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ಮಡಿಯಲ್ಲಿ ಆ ನಾಲ್ಕು ಗಂಟೆಯೂ 6 ನಿಮಿಷ ಉರಿಸಿ 24 ನಿಮಿಷ ಆರಿಸುವುದನ್ನೂ ಮಾಡಿದೆ. ಗಿಡ ಮೊಗ್ಗು ಹಿಡಿಯಲೇ ಇಲ್ಲ, ಬಿಲ್ಲು ಇನ್ನೂ ಇಳಿಯಿತು. ಒಂದು ಸಾಲಿಗೆ ಕೆಂಪು ಎಲ್‌ಇಡಿ ಹಾಕಿದೆ, ಅದೂ ಚೆನ್ನಾಗಿಯೇ ತಡೆಯಿತು. ನೀಲಿ ಮಾತ್ರ ನಂಬಬೇಡಿ. ಒಟ್ಟು ಖರ್ಚಿನಲ್ಲಿ ಬೆಳಕಿನ ಪಾಲು ಹತ್ತನೇ ಒಂದಕ್ಕಿಂತ ಕಡಿಮೆ. ಕೂಲಿಯೇ ಅರ್ಧ ತಿನ್ನುತ್ತದೆ. ವೈರು, ಬಲ್ಬು, ಟೈಮರಿಗೆ ಹಾಕಿದ್ದೆಲ್ಲ ಎರಡನೇ ಬೆಳೆಗೇ ವಾಪಸ್ ಬಂತು. ಎಲ್ಲರ ತೋಟದ ಹೂ ಮುಗಿದ ಮೇಲೆ ನನ್ನದು ಅರಳಿದ್ದು ಅದಕ್ಕೆ ಕಾರಣ. ಬೇಡ ಅಂದವರೇ ಬಂದು ಸಾಲು ಎಣಿಸಿಕೊಂಡು ಹೋದರು.

ಬೆಳಕು ನಿಲ್ಲಿಸಿದ ಮೇಲೆ ಹೂವಿಗೆ ಎಂಟರಿಂದ ಹತ್ತು ವಾರ ಇಟ್ಟುಕೊಳ್ಳಿ, ತಳಿ ನೋಡಿಕೊಂಡು. ಆ ಅವಧಿಯಲ್ಲಿ ರಾತ್ರಿ ಪೂರ್ತಿ ಕತ್ತಲೇ ಆಗಬೇಕು. ಪಂಪ್ ಮನೆಯ ಒಂದೇ ಬಲ್ಬಿನಿಂದ ಹತ್ತಿರದ ಎರಡು ಸಾಲು ತಿಂಗಳು ತಡವಾದವು. ಹಗಲು ಉದ್ದವಿರುವ ಕಾಲದಲ್ಲಿ ಕಪ್ಪು ಬಟ್ಟೆ ಹೊದಿಸಿ ಹೂ ಬರಿಸುವುದನ್ನೂ ಮಾಡಿದ್ದೇನೆ. ಸಂಜೆ 5ಕ್ಕೇ ಮುಚ್ಚಿದರೆ ಒಳಗೆ ಬೇಯುತ್ತದೆ, ಸೆಕೆಗೆ ಮೊಗ್ಗು ಅಲ್ಲೇ ನಿಂತುಬಿಡುತ್ತದೆ. ಸ್ವಲ್ಪ ತಡವಾಗಿ ಮುಚ್ಚಿ, ಬೆಳಗ್ಗೆ ತಡವಾಗಿ ತೆಗೆದರೆ ವಾಸಿ. ಆದರೂ ದಿನಾ ಆಳು ಬೇಕು. ಲಾಭ ನೋಡಿದರೆ ನನಗೆ ಅದು ಇಷ್ಟವಾಗಲಿಲ್ಲ.

ಕೊನೆಯ ಸಲ ಕುಡಿ ಚಿವುಟಿ ಎಷ್ಟು ದಿನಕ್ಕೆ ಬಲ್ಬ್ ಆರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಗಳಿಕೆ. ನಿಮ್ಮ ತಳಿಯಲ್ಲಿ ನೀವೇ ನೋಡಿಕೊಳ್ಳಬೇಕು.

ಸಸಿ ಮಾಡಲು ಕುಡಿ ತೆಗೆಯುವ ತಾಯಿ ಗಿಡಗಳನ್ನು ಮರೆಯಬೇಡಿ. ಹೂವಿನ ಮಡಿಗೆ ಬೆಳಕು ನಿಂತರೂ ಅವುಗಳ ಮೇಲಿನ ಬಲ್ಬ್ ಉರಿಯುತ್ತಲೇ ಇರಬೇಕು. ಮೊಗ್ಗು ಹಿಡಿದ ತಾಯಿಯಿಂದ ತೆಗೆದ ಕುಡಿ ಬೇರು ಬಿಟ್ಟರೂ ಗಿಡವಾಗಿ ಮೇಲೇಳುವುದಿಲ್ಲ. ಅಂಥ ಸಸಿಯನ್ನು ಯಾರಾದರೂ ಅರ್ಧ ಬೆಲೆಗೆ ಕೊಡ್ತೀನಿ ಅಂದರೂ ತಗೋಬೇಡಿ.