ಕೂಲರ್ ಪಂಪ್ ಸುಟ್ಟಿರಲಿಲ್ಲ
ಕಲಬುರಗಿಯ ಮೇ ತಿಂಗಳು, 42 ಡಿಗ್ರಿ. ಕೂಲರ್ ಫ್ಯಾನ್ ತಿರುಗುತ್ತಿತ್ತು, ಆದರೆ ಬರೀ ಬಿಸಿಗಾಳಿ. ಹುಲ್ಲಿನ ಪ್ಯಾಡ್ ಮುಟ್ಟಿದರೆ ಒಣ ಒಣ. ಪಂಪ್ ಸುಟ್ಟಿದೆ, ಹೊಸದು ತರೋಣ ಅಂತ ಚಪ್ಪಲಿ ಮೆಟ್ಟಿದ್ದೆ. ‘ಮೊದಲ ಬಿಚ್ಚಿ ನೋಡಪಾ’ ಅಂದಳು ಅವ್ವ.

ಪ್ಲಗ್ ಕಿತ್ತು, ಪಂಪ್ ಹೊರತೆಗೆದು ಮುಂದಿನ ಮುಚ್ಚಳ ಬಿಚ್ಚಿದೆ. ಒಳಗಿನ ಪುಟ್ಟ ಚಕ್ರ ಅಲುಗಾಡುತ್ತಲೇ ಇರಲಿಲ್ಲ. ಸುತ್ತಲೂ ಬಿಳಿ ಉಪ್ಪು, ಸುಣ್ಣ ಬಳಿದ ಹಾಗೆ. ನಮ್ಮ ಬೋರ್‌ವೆಲ್ ನೀರಿನ ಕೃಪೆ, ಇನ್ನೇನು! ಚಕ್ರವನ್ನು ಮೆಲ್ಲಗೆ ಎಳೆದಾಗ ಹಿಂದಿನ ಅಯಸ್ಕಾಂತದ ಸಮೇತ ಬಂತು. ನಿಂಬೆರಸದಲ್ಲಿ ಅರ್ಧ ಗಂಟೆ ನೆನೆಸಿ, ಹಳೆ ಟೂತ್‌ಬ್ರಷ್‌ನಿಂದ ತಿಕ್ಕಿದೆ. ಬುರುಬುರು ನೊರೆ ಎದ್ದು ಉಪ್ಪು ಬಿಟ್ಟಿತು. ಮೇಲಿನ ನೀರಿನ ತೂತುಗಳಿಗೂ ಸೂಜಿ ಆಡಿಸಿದೆ.

ಈಗ ಪ್ಯಾಡ್ ಮೇಲೆ ನೀರು ತೊಟತೊಟ ಇಳಿಯುತ್ತಿದೆ. ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ ಹೊಸ ನೀರು ತುಂಬುತ್ತೇನೆ.