ಪಿಪಿಯಲ್ಲಿ ಪಿಎಸ್ ಸೇರಿದ್ರೆ ಎಸ್‌ಇಬಿಎಸ್ ಎಷ್ಟು, ಹೇಗೆ?

ನಾಯಂಡಹಳ್ಳಿ ಕಡೆಯಿಂದ ಪೀಣ್ಯಕ್ಕೆ ಬರೋ ಪಿಪಿ (ಪಾಲಿಪ್ರೊಪಿಲೀನ್) ಗ್ರೈಂಡಿಂಗ್‌ನಲ್ಲಿ, ಅಂದ್ರೆ ಅರೆದ ಹಳೇ ಪ್ಲಾಸ್ಟಿಕ್ ಚೂರಿನಲ್ಲಿ, ಪಾಲಿಸ್ಟೈರೀನ್ (ಪಿಎಸ್) ಕಂಡ್ರೆ ಮೊದಲು ನೀರಿನ ತೊಟ್ಟಿಗೆ ಸುರೀರಿ. ಪಿಪಿ ಸಾಂದ್ರತೆ 0.90, ತೇಲುತ್ತೆ, ಪಿಎಸ್ 1.05, ಮುಳುಗುತ್ತೆ. ಇಲ್ಲೇ ಬೇರೆ ಆದ್ರೆ ಎರಡನ್ನೂ ಬೆಸೆಯೋ ಎಸ್‌ಇಬಿಎಸ್ ಅನ್ನೋ ಬ್ಲಾಕ್ ಕೋಪಾಲಿಮರ್ (ಬೇರೆ ಬೇರೆ ಬಗೆಯ ತುಂಡುಗಳು, ಅಂದ್ರೆ ಬ್ಲಾಕ್‌ಗಳು, ಜೋಡಿಸಿದ ಸರಪಳಿ) ಖರ್ಚೇ ಬೇಡ. ಎರಡೂ ಒಟ್ಟಿಗೆ ಕರಗಿ ದಾಣಾ (ಪ್ಲಾಸ್ಟಿಕ್ ಕಾಳು) ಆಗಿಬಿಟ್ಟಿದ್ರೆ ಮಾತ್ರ ಮುಂದಕ್ಕೆ ಓದಿ.

ಅಂಥ ಮಾಲಿನ ಮೋಲ್ಡಿಂಗನ್ನು ಬಗ್ಗಿಸಿ ಮುರೀರಿ, ಅಂಚು ಪದರ ಪದರವಾಗಿ ಸುಲಿಯುತ್ತೆ. ಪಿಎಸ್ ಹನಿಗಳಿಗೂ ಪಿಪಿಗೂ ನಡುವೆ ಹಿಡಿತವೇ ಇಲ್ಲ. ಎಸ್‌ಇಬಿಎಸ್‌ನ ಎರಡು ಸ್ಟೈರೀನ್ ತುದಿಗಳು ಪಿಎಸ್ ಒಳಗೆ ಹೋಗ್ತವೆ, ಎಥಿಲೀನ್-ಬ್ಯೂಟಿಲೀನ್ ನಡುಭಾಗ ಪಿಪಿ ಕಡೆ ವಾಲುತ್ತೆ. ಅಗ್ಗ ಅಂತ ಎಸ್‌ಬಿಎಸ್ ಹಾಕಬೇಡಿ. ಅದರ ಬ್ಯುಟಾಡೈಯೀನ್ ನಡುಭಾಗದ ದ್ವಿಬಂಧಗಳು ಎಕ್ಸ್‌ಟ್ರೂಡರ್ ಬ್ಯಾರಲ್ (ಪ್ಲಾಸ್ಟಿಕ್ ಕರಗೋ ಕೊಳವೆ) ಬಿಸಿಗೆ ಕೆಡ್ತವೆ.

‘ಮಾಲಿಕ್ಯುಲರ್ ವೇಟ್ (ಅಣುತೂಕ) ಜಾಸ್ತಿ ಇದ್ದಷ್ಟೂ ಒಳ್ಳೇದು’ ಅಂತ ಮಾರೋರು ಹೇಳೋದು ಅರ್ಧ ಸತ್ಯ. ಬ್ಲಾಕ್ ತೀರಾ ಗಿಡ್ಡ ಆದ್ರೆ ಎಳೆದಾಗ ಜಾರಿ ಹೊರಗೆ ಬರುತ್ತೆ. ತೀರಾ ಉದ್ದ ಆದ್ರೆ ಹರಡೋದೇ ಇಲ್ಲ, ಗಂಟು ಕಟ್ಟಿಕೊಂಡು ಪಿಪಿ ಒಳಗೇ ಕೂರುತ್ತೆ. ಸಲೀಸಾಗಿ ಹರಿಯೋ ಮಧ್ಯಮ ಗ್ರೇಡ್ ಕೇಳಿ.

ಎಷ್ಟು ಹಾಕೋದು ಅನ್ನೋದನ್ನ ಲೆಕ್ಕ ಹಾಕಬಹುದು. 20% ಪಿಎಸ್, ಹನಿ 1 ಮೈಕ್ರಾನ್ ಅಂತಿಟ್ಕೊಳ್ಳಿ. ಒಂದು ಘನ ಸೆಂಟಿಮೀಟರಿನಲ್ಲಿ ಹನಿಗಳ ಮೇಲ್ಮೈ 1.2 ಚದರ ಮೀಟರ್! ಚದರ ನ್ಯಾನೋಮೀಟರಿಗೆ 0.1 ಎಸ್‌ಇಬಿಎಸ್ ಸರಪಳಿ, ಅಣುತೂಕ 70,000 ಅಂತ ಹಿಡಿದ್ರೆ ಸುಮಾರು 14 ಮಿಲಿಗ್ರಾಂ ಬೇಕು, ಅಂದ್ರೆ ಹೆಚ್ಚುಕಡಿಮೆ 1.5%. ಎಲ್ಲವೂ ಮೇಲ್ಮೈ ತಲುಪಲ್ಲ, ಹಾಗಾಗಿ ನಾನು 4% ಹಾಕಿ ಶುರು ಮಾಡ್ತೀನಿ. ಸುಮ್ಮನೆ 10%ಗೆ ಏರಿಸಿದ್ರೆ ಮಾಲು ಮೆತ್ತಗಾಗುತ್ತೆ, ದುಡ್ಡೂ ದಂಡ.

ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್‌ನಲ್ಲಿ 200–220 ಡಿಗ್ರಿ ಇಡಿ. ಎಸ್‌ಇಬಿಎಸ್ ಮೇನ್ ಹಾಪರಿನಿಂದಲೇ ಹೋಗಲಿ, ನೀಡಿಂಗ್ ಬ್ಲಾಕ್ (ಸ್ಕ್ರೂನಲ್ಲಿ ಮಾಲನ್ನು ನಾದೋ ಭಾಗ) ದಾಟಿದ ಮೇಲೆ ಹಾಕಿದ್ರೆ ಪ್ರಯೋಜನ ಇಲ್ಲ.

ಫಲ ನೋಡೋಕೆ ಒಂದಿಷ್ಟು ದಾಣಾ ಪ್ರೆಸ್‌ನಲ್ಲಿ 200 ಡಿಗ್ರಿಗೆ 10 ನಿಮಿಷ ಹಿಡಿದು, ದ್ರವ ನೈಟ್ರೋಜನ್‌ನಲ್ಲಿ ಅದ್ದಿ ಮುರಿದು ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಪರೀಕ್ಷೆಗೆ ಕೊಡಿ. ನುಣುಪಾದ ಗುಂಡುಗಳು, ಗುಂಡು ಕಿತ್ತುಬಂದ ಖಾಲಿ ಗುಳಿಗಳು ಕಂಡ್ರೆ ಹಿಡಿತ ಬಂದಿಲ್ಲ. ಪ್ರೆಸ್ ಆದ ಮೇಲೂ ಹನಿ ದಪ್ಪ ಆಗದೆ ಸಣ್ಣಗೇ ಉಳಿದಿದ್ರೆ ಎಸ್‌ಇಬಿಎಸ್ ತನ್ನ ಜಾಗಕ್ಕೆ ಹೋಗಿದೆ.

ಪಿಪಿಗೆ ನೈಲಾನ್ ಸೇರಿದ್ರೆ ಇದು ನಡೆಯಲ್ಲ. ಅದಕ್ಕೆ ಮಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಎಸ್‌ಇಬಿಎಸ್‌ನಂಥದ್ದು ಬೇಕು, ಅದು ನೈಲಾನಿನ ಅಮೀನ್ ತುದಿ ಜೊತೆ ಬ್ಯಾರಲ್ ಒಳಗೇ ರಿಯಾಕ್ಟ್ ಆಗುತ್ತೆ. ನೈಲಾನ್ ಚೆನ್ನಾಗಿ ಒಣಗಿಸಿಕೊಂಡಿರಿ.